ಡಿಎಂಇ ಬಿಲ್ಲಿಂಗ್ ಮಾಡುವವರೇ, ಪರ್ಸೆಂಟೇಜ್ ಮೇಲೆ ಹಳೇ ಎಆರ್ ಒಪ್ಪಿಕೊಳ್ಳಬೇಡಿ

ಆರು ಜನ ಮೂರು ತಿಂಗಳು ರಾತ್ರಿಯೆಲ್ಲ ಎದ್ದು ದುಡಿದಿದ್ದಕ್ಕೆ ನಮಗೆ ಬಂದಿದ್ದು ಒಂದೇ ಒಂದು ಇನ್‌ವಾಯ್ಸ್ ದುಡ್ಡು. ಬರೆಯೋಕೆ ನಾಚಿಕೆ ಆಗುತ್ತೆ. ಹನ್ನೊಂದು ವರ್ಷದಿಂದ ಇದೇ ಡಿಎಂಇ (ಮನೆಯಲ್ಲಿ ಬಳಸುವ ವೈದ್ಯಕೀಯ ಉಪಕರಣ) ಬಿಲ್ಲಿಂಗ್ ಲೈನಿನಲ್ಲಿದ್ದೀನಿ, ಬೇರೆಯವರ ಕಾಂಟ್ರಾಕ್ಟ್ ಓದಿ ಬುದ್ಧಿ ಹೇಳ್ತಿದ್ದವನು ನಾನು.

ಮೈಸೂರಿನಲ್ಲಿ ನಂದು ಚಿಕ್ಕ ಬಿಲ್ಲಿಂಗ್ ಆಫೀಸು, ಸಪ್ಲೈಯರ್ ಪರವಾಗಿ ಇನ್ಶೂರೆನ್ಸಿಗೆ ಕ್ಲೇಮು ಕಳಿಸಿ ದುಡ್ಡು ತರಿಸೋದು ಕೆಲಸ. ಪಾರ್ಟಿ ಅಮೆರಿಕದ ಒಬ್ಬ ಸಪ್ಲೈಯರ್. ಸಿಪ್ಯಾಪ್ (ನಿದ್ದೆಯಲ್ಲಿ ಉಸಿರಾಟಕ್ಕೆ ನೆರವಾಗುವ ಮಷೀನ್), ಆಕ್ಸಿಜನ್ ಕಾನ್ಸಂಟ್ರೇಟರ್, ವೀಲ್‌ಚೇರ್ ಕೊಡುವವರು. ಅವರ ಪರವಾಗಿ ಮಾತಾಡಿದ್ದು ನ್ಯೂಜೆರ್ಸಿಯಲ್ಲಿರುವ ಹಾಸನದ ಕಡೆಯವರೊಬ್ಬರು. "ನಮ್ಮೋರಿಗೇ ಕೆಲಸ ಸಿಗಲಿ ಅಂತ ನಿಮ್ಮ ಹೆಸರು ಹೇಳಿದೀನಿ ಸರ್" ಅಂದರು. ಆ ಮಾತಿಗೆ ಕರಗಿಬಿಟ್ಟೆ. ಕಲೆಕ್ಷನ್ ಮೇಲೆ 5 ಪರ್ಸೆಂಟ್. ಮೊದಲು ಹಳೇ ಎಆರ್, ಅಂದರೆ ದುಡ್ಡು ಬರದೆ ಬಾಕಿ ಉಳಿದ 1,100 ಕ್ಲೇಮು ಕ್ಲಿಯರ್ ಮಾಡಿಕೊಡಿ, ಆಮೇಲೆ ಹೊಸ ಕ್ಲೇಮೆಲ್ಲ ನಿಮಗೇ ಅಂತ ಮಾತಾಯಿತು.

ಹಳೇ ಡಿಎಂಇ ಎಆರ್ ಅಂದರೆ ಏನು ಅಂತ ಮಾಡಿದವರಿಗೆ ಗೊತ್ತು. ಸಿಓ 50 ಡಿನೈಯಲ್ (ವೈದ್ಯಕೀಯವಾಗಿ ಅಗತ್ಯವಿಲ್ಲ ಅಂತ ಕ್ಲೇಮು ತಿರಸ್ಕರಿಸೋದು) ಒಂದೊಂದಕ್ಕೂ, ಸಿಪ್ಯಾಪ್ ಆದರೆ ಸ್ಲೀಪ್ ಸ್ಟಡಿ (ನಿದ್ದೆಯ ಪರೀಕ್ಷೆಯ ರಿಪೋರ್ಟ್) ಹುಡುಕಬೇಕು, ಡಾಕ್ಟರ್ ಸಹಿ ಇರುವ ಆರ್ಡರ್ ತರಿಸಬೇಕು, ಡೆಲಿವರಿ ಪ್ರೂಫ್ ಬೇಕು. ಸರ್ವೀಸ್ ತಾರೀಖಿನಿಂದ ಒಂದು ವರ್ಷ ದಾಟಿತೋ, ಮೆಡಿಕೇರ್ (ಅಮೆರಿಕ ಸರ್ಕಾರದ ಆರೋಗ್ಯ ವಿಮೆ) ಕ್ಲೇಮನ್ನೇ ತಗೊಳ್ಳೋದಿಲ್ಲ. ಡಿನೈ ಆದರೆ ಮೊದಲ ಅಪೀಲಿಗೆ 120 ದಿನ. ನಮ್ಮ ಹುಡುಗರು ಫೋನ್ ಹೋಲ್ಡಿನಲ್ಲೇ ಊಟ ಮಾಡಿದ್ದಾರೆ. ಡಾಕ್ಟರ ಆಫೀಸುಗಳಿಗೆ ಫ್ಯಾಕ್ಸ್ ಮೇಲೆ ಫ್ಯಾಕ್ಸ್. ಮೊದಲ ಇನ್‌ವಾಯ್ಸ್ ಕಳಿಸಿದ ಐದನೇ ದಿನಕ್ಕೆ ದುಡ್ಡು ಬಂತು. ಅಷ್ಟೇ, ಪೂರ್ತಿ ನಂಬಿದೆ.

ಎರಡನೇ ತಿಂಗಳು ಅದೇ ಮಧ್ಯವರ್ತಿ ಫೋನ್ ಮಾಡಿ, "ಇಆರ್‌ಎ ನಿಮ್ಮ ಕ್ಲಿಯರಿಂಗ್‌ಹೌಸಿಗೆ (ಕ್ಲೇಮು ಸಾಗಿಸುವ ಆನ್‌ಲೈನ್ ಸೇವೆ) ಬೇಡ ಸರ್, ಓನರ್ ಸಾಫ್ಟ್‌ವೇರಿಗೇ ಬರಲಿ, ನಿಮಗೆ ಲಾಗಿನ್ ಇದ್ದೇ ಇರುತ್ತಲ್ಲ" ಅಂದರು. ಒಪ್ಪಿಕೊಂಡೆ. ಇಆರ್‌ಎ ಅಂದರೆ ಯಾವ ಕ್ಲೇಮಿಗೆ ಎಷ್ಟು ದುಡ್ಡು ಬಂತು ಅಂತ ತೋರಿಸುವ ದಾಖಲೆ, ಆ ಒಂದೇ ದಾಖಲೆಯನ್ನು ನಾನೇ ಅವರ ಕೈಗೆ ಕೊಟ್ಟೆ.

ಮೂರನೇ ತಿಂಗಳು ಓನರ್ ಮೇಲ್ ಹಾಕಿದರು, ಸಿಪ್ಯಾಪ್ ನಾಲ್ಕನೇ ತಿಂಗಳ ಬಾಡಿಗೆ ಕ್ಲೇಮುಗಳಿಗೆಲ್ಲ ಕೆಎಕ್ಸ್ ಮಾಡಿಫೈಯರ್ (ನಿಯಮದಂತೆ ದಾಖಲೆಗಳೆಲ್ಲ ಇವೆ ಅಂತ ಹೇಳುವ ಕೋಡ್) ಹಾಕಿ ಕಳಿಸಿ ಅಂತ. ಪೇಷಂಟ್ 30 ದಿನದಲ್ಲಿ 70 ಪರ್ಸೆಂಟ್ ರಾತ್ರಿಗಳು ನಾಲ್ಕು ಗಂಟೆಯಾದರೂ ಮಷೀನ್ ಬಳಸಿದ ರಿಪೋರ್ಟ್ ಇಲ್ಲ, ಡಾಕ್ಟರು ಮತ್ತೆ ನೋಡಿದ ನೋಟ್ಸ್ ಇಲ್ಲ. ಕೇಳಿದರೆ "ಆಮೇಲೆ ಕೊಡ್ತೀವಿ". ಆಗಲ್ಲ ಅಂದೆ. 2019ರ ಬ್ರೇಸ್ (ಬೆನ್ನು, ಮಂಡಿಗೆ ಹಾಕುವ ಆಸರೆ ಪಟ್ಟಿ) ಬಿಲ್ಲಿಂಗ್ ಹಗರಣದಲ್ಲಿ 24 ಜನರ ಮೇಲೆ ಕೇಸಾಗಿ, 130 ಡಿಎಂಇ ಕಂಪನಿಗಳ ಮೇಲೆ ಕ್ರಮ ಆಗಿದ್ದನ್ನು ಓದಿದ್ದೀನಿ. ಇದರಲ್ಲಿ ಮಾತ್ರ ನನಗೆ ಪಶ್ಚಾತ್ತಾಪ ಇಲ್ಲ.

ಆಗಲ್ಲ ಅಂದು ಒಂಬತ್ತು ದಿನ ಆಗಿತ್ತು. ಶುಕ್ರವಾರ ಶಿಫ್ಟ್ ಶುರುವಾಗಿ ಅರ್ಧ ಗಂಟೆಯೂ ಆಗಿರಲಿಲ್ಲ, ಮೂರು ಜನ ಒಟ್ಟಿಗೇ "ಸರ್, ಪಾಸ್‌ವರ್ಡ್ ತಗೋತಿಲ್ಲ" ಅಂದರು. ನೆಟ್ ತೊಂದರೆ ಅಂದುಕೊಂಡು ರೂಟರ್ ಆಫ್ ಮಾಡಿ ಆನ್ ಮಾಡಿದೆ. ಮತ್ತೊಂದು ಸಲ ಮಾಡಿದೆ. ಆಮೇಲೆ ಮೇಲ್ ತೆಗೆದರೆ ಕಾಂಟ್ರಾಕ್ಟ್ ಮುಗಿಸಿದ ನೋಟಿಸು. ಹುಡುಗರೆಲ್ಲ ಹೆಡ್‌ಸೆಟ್ ತೆಗೆದಿಟ್ಟು ನನ್ನ ಮುಖ ನೋಡ್ತಾ ಕೂತಿದ್ದರು.

ಬಾಕಿ ಕೇಳಿದ್ದಕ್ಕೆ ಓನರ್ ಉತ್ತರ: "ನಿಮ್ಮ ತಂಡದ ಕೆಲಸದಿಂದಲೇ ಆ ದುಡ್ಡು ಬಂತು ಅನ್ನೋದಕ್ಕೆ ಪ್ರೂಫ್ ಕೊಡಿ." ಪ್ರೂಫ್ ಇರೋದು ಆ ಲಾಗಿನ್ ಒಳಗೆ. ಲಾಗಿನ್ ಮುಚ್ಚಿದವರು ಅವರೇ! ಇದನ್ನೇ ನಾಲ್ಕು ಸಲ ಬರೆದೆ, ನಾಲ್ಕು ಸಲವೂ ಅದೇ ಉತ್ತರ ಬಂತು, ಪ್ರೂಫ್ ಕೊಡಿ. ಮಧ್ಯವರ್ತಿಗೆ ಫೋನ್ ಮಾಡಿದರೆ, "ಅಮೆರಿಕದಲ್ಲಿ ಹೀಗೆಲ್ಲ ಬೆನ್ನು ಹತ್ತಬಾರದು ಸರ್, ಅವರಿಗೆ ಬೇಜಾರಾಗುತ್ತೆ." ಅವರಿಗೆ ಬೇಜಾರು! ನಾನು ಸಂಬಳ ಕೊಟ್ಟಿದ್ದು ಹೆಂಡತಿಯ ಬಳೆ ಅಡ ಇಟ್ಟು. ಆಮೇಲೆ ಅವರು ಫೋನೇ ಎತ್ತಲಿಲ್ಲ.

ಕಾಂಟ್ರಾಕ್ಟ್ ತೆಗೆದು ಮತ್ತೆ ಓದಿದೆ. "ಒಪ್ಪಂದ ಜಾರಿಯಲ್ಲಿರುವಾಗ ಜಮೆಯಾದ ಹಣದ ಮೇಲೆ" ಅಂತ ಇದೆ. ಅಪೀಲ್ ಹಾಕಿದರೆ ತೀರ್ಮಾನಕ್ಕೇ 60 ದಿನದವರೆಗೆ ಹಿಡಿಯುತ್ತೆ. ನಾವು ಹಾಕಿದ ಅಪೀಲುಗಳ ದುಡ್ಡು ಬರುವ ಹೊತ್ತಿಗೆ ಒಪ್ಪಂದವೇ ಇಲ್ಲ. ಉತ್ತು ಬಿತ್ತಿದವರು ನಾವು, ರಾಶಿ ಹೊತ್ತುಕೊಂಡು ಹೋದವರು ಅವರು. ನನ್ನ ಲೆಕ್ಕದಲ್ಲಿ 6,000 ಡಾಲರಿಗೂ ಮೇಲೆ.

ಹಳೇ ಎಆರ್‌ಗೆ ಕ್ಲೇಮಿಗಿಷ್ಟು ಅಂತ ಮುಂಗಡ ತಗೊಳ್ಳಿ, ಇಲ್ಲದಿದ್ದರೆ ಮುಟ್ಟಬೇಡಿ. ಒಪ್ಪಂದ ಮುಗಿದ ಮೇಲೂ ನೀವು ಕಳಿಸಿದ ಕ್ಲೇಮುಗಳಿಗೆ ಬರುವ ದುಡ್ಡಿನಲ್ಲಿ ನಿಮ್ಮ ಪಾಲು ಇರುತ್ತೆ ಅಂತ ಬರೆಸಿಕೊಳ್ಳಿ. ಇಆರ್‌ಎ ಬಿಟ್ಟುಕೊಡಬೇಡಿ, ಯಾರು ಕೇಳಿದರೂ ಬಿಟ್ಟುಕೊಡಬೇಡಿ. ಕನ್ನಡದಲ್ಲಿ ಕೇಳಿದರೂ.

ನಮ್ಮಲ್ಲಿ ಬಿಟ್ಟುಹೋದ ಹುಡುಗಿ ಮೊನ್ನೆ ಫೋನ್ ಮಾಡಿದ್ದಳು. ಅವಳ ಹೊಸ ಆಫೀಸಿಗೆ ಒಂದು ಆಫರ್ ಬಂದಿದೆಯಂತೆ: ಸಿಪ್ಯಾಪ್, ಆಕ್ಸಿಜನ್, ಹಳೇ ಎಆರ್, 5 ಪರ್ಸೆಂಟ್, ಮಾತಾಡುವವರು ಹಾಸನದ ಕಡೆಯವರು. ನಿಮಗೂ ಬಂದಿದ್ದರೆ ಸಹಿ ಹಾಕುವ ಮುಂಚೆ ನನ್ನನ್ನು ಕೇಳಿ, ಮೇಲುಗಳನ್ನೆಲ್ಲ ತೋರಿಸ್ತೀನಿ.