ಮೈಸೂರಲ್ಲಿ ಕಾಂಪ್ಲೆಕ್ಸ್ ಅಂಗಡಿ ಕೊಳ್ಳುವವರೇ, ಮೊದಲು ಮೋರಿ ನೋಡಿ

ಬರೆಯಲೋ ಬೇಡವೋ ಅಂತ ಮೂರು ದಿನ ಒದ್ದಾಡಿದೆ. ನಾಚಿಕೆ ಆಗುತ್ತದೆ. ಆದರೆ ಇನ್ನೊಬ್ಬರು ಹೀಗೆ ಮೋಸ ಹೋಗಬಾರದು.

ರಿಂಗ್ ರೋಡಿನ ಹತ್ತಿರ ಒಂದು ಹೊಸ ಕಾಂಪ್ಲೆಕ್ಸ್. ಎರಡು ವರ್ಷದ ಹಿಂದೆ ಅದರ ಕೆಳಮಹಡಿಯಲ್ಲಿ ಅಂಗಡಿ ತಗೊಂಡೆ. ಪುಸ್ತಕ, ಸ್ಟೇಷನರಿ ವ್ಯಾಪಾರ. ಅಂಗಡಿ ರಸ್ತೆಗಿಂತ ಮೂರು ಅಡಿ ಕೆಳಗಿದೆ. ಅದಕ್ಕೇ ಮಳೆನೀರಿನ ಗತಿ ಏನು ಅಂತ ಕೇಳಿದೆ. ಕೇಳಿಯೇ ತಗೊಂಡಿದ್ದು! ಬಿಲ್ಡರ್ ಕಡೆಯವರು ಗೇಟಿನ ಹತ್ತಿರ ಕರೆದುಕೊಂಡು ಹೋಗಿ ಕಬ್ಬಿಣದ ಜಾಲರಿ ಎತ್ತಿಸಿದರು. ಒಳಗೆ ದೊಡ್ಡ ಪೈಪ್. "ಎಂಥ ಮಳೆ ಬಂದರೂ ಹತ್ತು ನಿಮಿಷದಲ್ಲಿ ಖಾಲಿ ಸಾರ್" ಅಂದರು. ನಂಬಿದೆ. ತಂಗಿ ಗಂಡನಿಗೂ ಹೇಳಿ ಪಕ್ಕದ ಅಂಗಡಿ ಕೊಡಿಸಿದೆ.

ನಮ್ಮೂರಿನ ಮೇ ತಿಂಗಳ ಸಂಜೆ ಮಳೆ ಗೊತ್ತಲ್ವಾ. ಶಾಲೆ ಶುರುವಾಗುವ ಮುಂಚೆ ನಾವು ಸ್ಟಾಕ್ ತುಂಬಿಸುವ ಕಾಲವೂ ಅದೇ. ಮೊದಲು ಕರೆಂಟ್ ಹೋಯಿತು. ಒಂದು ಗಂಟೆಯೊಳಗೆ ಮಂಡಿಯುದ್ದ ನೀರು. ನೋಟ್‌ಬುಕ್ ಬಂಡಲ್‌ಗಳು ನೀರು ಕುಡಿದು, ಉಬ್ಬಿ, ಕಟ್ಟಿದ ದಾರ ಕಿತ್ತುಕೊಂಡು ಬಿದ್ದವು. ತಂಗಿ ಗಂಡ ಟಾರ್ಚ್ ಹಿಡಿದು ನಿಂತಿದ್ದರು. "ನಿಮ್ಮ ಮಾತು ಕೇಳಿ ತಗೊಂಡೆ ಭಾವ" ಅಂದರು. ಅಷ್ಟೇ ಅಂದಿದ್ದು. ಇವತ್ತಿಗೂ ಅವರ ಮುಖ ನೋಡಲು ಆಗುತ್ತಿಲ್ಲ.

ಬೆಳಿಗ್ಗೆ ಪ್ಲಂಬರ್ ಕರೆಸಿ ಜಾಲರಿ ಎತ್ತಿಸಿ, ಪೈಪ್ ಹೋದ ಕಡೆಗೇ ಅಗೆಸಿದೆ. ಹನ್ನೆರಡು ಅಡಿ ಹೋಗಿ ಪೈಪ್ ನಿಂತುಬಿಟ್ಟಿದೆ. ಬಾಯಿಗೆ ಸಿಮೆಂಟ್ ಮೆತ್ತಿದ್ದಾರೆ. ಯಾವ ಮೋರಿಗೂ ಸೇರಿಲ್ಲ. ಯಾವುದಕ್ಕೂ! ಸೇರಿಸಲು ಆಗುವುದೂ ಇಲ್ಲ, ಯಾಕೆಂದರೆ ರಸ್ತೆ ಮೋರಿಯ ತಳವೇ ನಮ್ಮ ಪೈಪಿಗಿಂತ ಎತ್ತರದಲ್ಲಿದೆ. ಇಂಥ ಕಡೆ ಸಂಪ್ ಕಟ್ಟಿ, ಪಂಪ್ ಇಟ್ಟು, ಅದಕ್ಕೆ ಜನರೇಟರ್ ಕೊಡಬೇಕು. ಅದು ಕಟ್ಟುವವರಿಗೆ ಗೊತ್ತಿರಲಿಲ್ಲವಾ? ಗೊತ್ತಿಲ್ಲದೆ ಸಿಮೆಂಟ್ ಮೆತ್ತುತ್ತಾರಾ?

ಫೋನ್ ಮಾಡಿದೆ. ಮೊದಲ ಉತ್ತರ: "ಇಂಥ ಮಳೆ ಯಾವಾಗಲೂ ಬರಲ್ಲ ಸಾರ್." ಎರಡನೇ ಸಲ: "ಪಾಲಿಕೆ ಮೋರಿ ಹೂಳು ತುಂಬಿದೆ, ಅಲ್ಲಿ ಕೇಳಿ." ಪಾಲಿಕೆಗೆ ಹೋದೆ. "ಕಾಂಪೌಂಡ್ ಒಳಗಿನದು ನಮಗೆ ಬರಲ್ಲ" ಅಂದರು. ಮತ್ತೆ ಬಿಲ್ಡರ್: "ಹ್ಯಾಂಡೋವರ್ ಆಗಿದೆ, ಅಸೋಸಿಯೇಷನ್‌ನವರು ನೋಡಿಕೊಳ್ಳಬೇಕು." ಸಿಮೆಂಟ್ ಮೆತ್ತಿದ ಫೋಟೋ ಕಳಿಸಿದೆ. ನೋಡಿದ್ದಾರೆ. ಉತ್ತರ ಇಲ್ಲ.

ಮಳೆ ಜಾಸ್ತಿ ಅಂತಾರಲ್ಲ, ಲೆಕ್ಕ ಕೇಳಿ. ಒಂದು ಚದರ ಮೀಟರ್ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ 1 ಲೀಟರ್ ನೀರು. 1,000 ಚದರ ಮೀಟರ್ ಜಾಗಕ್ಕೆ 50 ಮಿಲಿಮೀಟರ್ ಮಳೆ ಅಂದರೆ 50,000 ಲೀಟರ್. ಹತ್ತು ಟ್ಯಾಂಕರ್ ನೀರು! ತಾರಸಿ, ಕಾಂಕ್ರೀಟ್ ಅಂಗಳ ಹನಿಯೂ ಹೀರಲ್ಲ. ನಕ್ಷೆ ಬರೆಯುವ ದಿನವೇ ಮಾಡಬೇಕಾದ ಲೆಕ್ಕ ಇದು.

ಕಟ್ಟಡ ಕೊಳ್ಳುವವರ ರಕ್ಷಣೆಗೆ ಇರುವ ರೇರಾ ಕಾಯ್ದೆ ಅಂಗಡಿಗೂ ಅನ್ವಯಿಸುತ್ತದೆ, ಬರೀ ಮನೆಗಲ್ಲ. ಸ್ವಾಧೀನ ಕೊಟ್ಟು 5 ವರ್ಷದೊಳಗೆ ಕೆಲಸದಲ್ಲಿ ದೋಷ ಕಂಡು ತಿಳಿಸಿದರೆ, 30 ದಿನದಲ್ಲಿ ಬಿಲ್ಡರ್ ತನ್ನ ಖರ್ಚಿನಲ್ಲೇ ಸರಿಮಾಡಬೇಕು. 14ನೇ ಸೆಕ್ಷನ್ ಓದಿ. ಫೋನಲ್ಲಿ ಸುಮ್ನೆ ಜಗಳ ಮಾಡುತ್ತಾ ಕೂರಬೇಡಿ, ಬರೆದು ಕಳಿಸಿ. ನಾನು ಅದರಲ್ಲೇ ಒಂದು ತಿಂಗಳು ಕಳೆದೆ. ಕೊಳ್ಳುವ ಮುಂಚೆ ಸರ್ಕಾರದ ಭೂನಕ್ಷೆ ತೋರಿಸುವ ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರ್ ಹಾಕಿ ಹತ್ತಿರ ಹಳ್ಳ, ರಾಜಕಾಲುವೆ ಇದೆಯಾ ನೋಡಿ. ಒಂದು ಬಕೆಟ್ ನೀರು ಸುರಿಸಿ, ಅದು ರಸ್ತೆ ಮೋರಿಗೆ ಬಂತಾ ಅಂತ ನಿಂತು ನೋಡಿ. ಜಾಲರಿ ನೋಡಿ ಮರುಳಾಗಬೇಡಿ.

ನಿನ್ನೆ ಅದೇ ಜನ ಉಳಿದ ಅಂಗಡಿ ಮಾರಲು ಒಬ್ಬ ಗಂಡ ಹೆಂಡತಿಯನ್ನು ಕರೆತಂದಿದ್ದರು. ಅದೇ ಜಾಲರಿ ಎತ್ತಿ ತೋರಿಸುತ್ತಿದ್ದರು. ನಾನು ಹೋಗಿ ಪಕ್ಕದಲ್ಲಿ ನಿಂತು, "ಪೈಪಿನ ಇನ್ನೊಂದು ತುದಿನೂ ತೋರಿಸಿ" ಅಂದೆ.