ಐದು ವರ್ಷ ಮೂಡಲ್ ಬಳಸಿದ ಮೇಲೆ: ದಾವಣಗೆರೆಯಿಂದ ಒಬ್ಬ ಕಾಮರ್ಸ್ ಉಪನ್ಯಾಸಕಿಯ ವಿಮರ್ಶೆ

ದಾವಣಗೆರೆಯ ಒಂದು ಪದವಿ ಕಾಲೇಜಿನಲ್ಲಿ ನಾನು ಬಿಕಾಂ ಮಕ್ಕಳಿಗೆ ಲೆಕ್ಕಶಾಸ್ತ್ರ ಹೇಳಿಕೊಡುತ್ತೇನೆ. 2020ರ ಜುಲೈನಿಂದ ಮೂಡಲ್ ಎನ್ನುವ ಆನ್‌ಲೈನ್ ಕಲಿಕೆಯ ತಂತ್ರಾಂಶ ಬಳಸುತ್ತಿದ್ದೇನೆ. ಆನ್‌ಲೈನ್ ಕಲಿಕೆ ಶುರು ಮಾಡಬೇಕು ಅಂತಿರುವ ಶಿಕ್ಷಕರು ನನ್ನನ್ನು ಕೇಳುವ ಮೊದಲ ಪ್ರಶ್ನೆ, 'ಮೇಡಂ, ವಿಡಿಯೊ ಹೇಗೆ ಹಾಕೋದು?' ವಿಡಿಯೊ ಆಮೇಲೆ ಹಾಕಿದರೂ ನಡೆಯುತ್ತದೆ. ಮೊದಲು ಹತ್ತು ಪ್ರಶ್ನೆಯ ಒಂದು ಕ್ವಿಜ್ ಮಾಡಿ. ಪಾಠವನ್ನು ನೀವು ತರಗತಿಯಲ್ಲಿ ಚೆನ್ನಾಗಿಯೇ ಮಾಡುತ್ತೀರಿ. ಎಪ್ಪತ್ತು ಮಕ್ಕಳಿಗೂ ಬೇರೆ ಬೇರೆ ಲೆಕ್ಕ ಕೊಟ್ಟು, ಅಲ್ಲೇ ತಿದ್ದಿ, ಎಲ್ಲಿ ತಪ್ಪಾಯಿತು ಅಂತ ಹೇಳುವುದು ಮಾತ್ರ ಒಬ್ಬ ಮನುಷ್ಯರಿಂದ ಆಗದ ಕೆಲಸ. ಮೂಡಲ್ ಅದನ್ನು ಮಾಡುತ್ತದೆ. ನಾನು ಇದನ್ನು ಬಿಡದೆ ಇರುವುದು ಅದೊಂದೇ ಕಾರಣಕ್ಕೆ.

ಲಾಕ್‌ಡೌನ್ ಶುರುವಾದಾಗ ಎಲ್ಲರ ಹಾಗೆ ನಾನೂ ವಾಟ್ಸ್‌ಆ್ಯಪ್ ಗ್ರೂಪ್ ಮಾಡಿದೆ. ಎಪ್ಪತ್ತು ಮಕ್ಕಳು ತಲಾ ಮೂರು ಪುಟದ ಫೋಟೊ ಕಳಿಸಿದರೆ 210 ಫೋಟೊ. ಅರ್ಧ ಮಬ್ಬು, ಕೆಲವು ಅಡ್ಡಡ್ಡ. ಯಾವುದು ಯಾರದು ಅಂತ ಹುಡುಕುವುದರಲ್ಲೇ ಸಂಜೆ ಮುಗಿಯುತ್ತಿತ್ತು. ಒಬ್ಬರು ಸರಿಯಾದ ಉತ್ತರ ಹಾಕಿದರೆ ಸಾಕು, ಹತ್ತು ನಿಮಿಷದಲ್ಲಿ ಅದೇ ಉತ್ತರ ಇಪ್ಪತ್ತು ನೋಟ್‌ಬುಕ್‌ಗಳಲ್ಲಿ. ಮಕ್ಕಳನ್ನು ಬೈದು ಪ್ರಯೋಜನ ಇರಲಿಲ್ಲ. ಎಲ್ಲರಿಗೂ ಒಂದೇ ಲೆಕ್ಕ ಕೊಟ್ಟಿದ್ದವಳು ನಾನೇ ಅಲ್ವಾ.

ಮೂಡಲ್ ಓಪನ್ ಸೋರ್ಸ್ ತಂತ್ರಾಂಶ. ದುಡ್ಡು ಕೊಡಬೇಕಿಲ್ಲ, ಯಾರು ಬೇಕಾದರೂ ತಮ್ಮ ಸರ್ವರ್‌ನಲ್ಲಿ ಹಾಕಿಕೊಳ್ಳಬಹುದು. ಇದನ್ನು ಮಾಡಿದವರು ಆಸ್ಟ್ರೇಲಿಯಾದ ಮಾರ್ಟಿನ್ ಡೂಗಿಯಾಮಸ್. ಮೊದಲ ಪೂರ್ಣ ಆವೃತ್ತಿ ಬಂದದ್ದು 2002ರ ಆಗಸ್ಟ್‌ನಲ್ಲಿ. ಅವರು ಬೆಳೆದದ್ದು ಮರುಭೂಮಿಯ ಒಂದು ಸಣ್ಣ ಊರಿನಲ್ಲಿ. ಹತ್ತಿರದಲ್ಲಿ ಶಾಲೆ ಇಲ್ಲದೆ, ರೇಡಿಯೊ ಮೂಲಕ ಪಾಠ ಕೇಳಿ ಕಲಿತವರು. ಜಗಳೂರು ಕಡೆಯ ಹಳ್ಳಿಗಳಿಂದ ಬಸ್ ಹಿಡಿದು ಬರುವ ಮಕ್ಕಳಿಗೆ ಪಾಠ ಮಾಡುವ ನನಗೆ ಈ ವಿಷಯ ತಿಳಿದ ದಿನ ತಂತ್ರಾಂಶದ ಮೇಲೆ ಒಂದು ವಿಶ್ವಾಸ ಬಂತು. ಹೆಸರೂ ಮಕ್ಕಳ ಬಾಯಿಗೆ ಬೇಗ ಹತ್ತಿತು. ಮೂಡಲ ಅನ್ನೋದು ನಮ್ಮದೇ ಮಾತು.

ಈಗ ನನ್ನ ಅಚ್ಚುಮೆಚ್ಚಿನ ಭಾಗಕ್ಕೆ ಬರುತ್ತೇನೆ. ಕ್ವಿಜ್‌ನಲ್ಲಿ 'ಕ್ಯಾಲ್ಕ್ಯುಲೇಟೆಡ್' ಎನ್ನುವ ಒಂದು ಪ್ರಶ್ನೆ ಬಗೆ ಇದೆ. ಅದರಲ್ಲಿ ಅಂಕಿಯ ಬದಲು ಖಾಲಿ ಜಾಗ ಬಿಟ್ಟು, ಉತ್ತರದ ಸೂತ್ರ ಬರೆದುಕೊಡಬೇಕು. ಅಂಕಿಗಳನ್ನು ಮೂಡಲ್ಲೇ ತುಂಬಿಕೊಳ್ಳುತ್ತದೆ. ನಾನು ಮಾಡಿದ ಮೊದಲ ಪ್ರಶ್ನೆ ಮಂಡಕ್ಕಿ ಭಟ್ಟಿಯದು. ನಮ್ಮೂರಲ್ಲಿ ಭಟ್ಟಿ ನೋಡದ ಮಕ್ಕಳಿಲ್ಲ. ಭಟ್ಟಿಯ ಮಾಲೀಕರು ಒಂದು ಯಂತ್ರ ಕೊಳ್ಳುತ್ತಾರೆ, ಇಳಿಕೆ ಶೇಷ ಪದ್ಧತಿಯಲ್ಲಿ, ಅಂದರೆ ಪ್ರತಿ ವರ್ಷ ಉಳಿದ ಬೆಲೆಯ ಮೇಲೆ ದರ ಹಾಕಿದರೆ, ಮೂರನೇ ವರ್ಷದ ಸವಕಳಿ (ಬೆಲೆಯ ಇಳಿಕೆ) ಎಷ್ಟು? ಒಬ್ಬ ಹುಡುಗನಿಗೆ ಯಂತ್ರದ ಬೆಲೆ ₹80,000, ದರ 10%. ಅವನ ಉತ್ತರ ₹6,480. ಪಕ್ಕದಲ್ಲಿ ಕೂತವಳಿಗೆ ₹1,20,000, ದರ 15%. ಅವಳ ಉತ್ತರ ₹13,005. ನಕಲು ಮಾಡಬೇಕೆಂದರೂ ಆಗಲ್ಲ. ವಿಧಾನ ಕೇಳಬೇಕಾದರೆ ಒಬ್ಬರಿಗೊಬ್ಬರು ಹೇಳಿಕೊಡಲೇಬೇಕು. ನನಗೆ ಬೇಕಿದ್ದದ್ದೂ ಅದೇ.

ತಪ್ಪು ಉತ್ತರಕ್ಕೂ ಸೂತ್ರ ಕೊಡಬಹುದು. ಆ ಹುಡುಗ 8,000 ಅಂತ ಬರೆದರೆ, ಅವನು ಪ್ರತಿ ವರ್ಷ ಮೂಲ ಬೆಲೆಯ ಮೇಲೇ ಸವಕಳಿ ಹಾಕಿದ್ದಾನೆ, ಅಂದರೆ ಸ್ಥಿರ ಕಂತಿನ ಪದ್ಧತಿ ಹಿಡಿದಿದ್ದಾನೆ ಅಂತ ಅರ್ಥ. 7,200 ಬರೆದರೆ ಎರಡನೇ ವರ್ಷಕ್ಕೇ ನಿಂತಿದ್ದಾನೆ. ಎರಡಕ್ಕೂ ಬೇರೆ ಬೇರೆ ಮಾತು ಬರೆದಿಟ್ಟಿದ್ದೇನೆ. 'ಉಳಿದ ಬೆಲೆಯ ಮೇಲೆ ಹಾಕಿ ನೋಡು', 'ಇನ್ನೊಂದು ವರ್ಷ ಬಾಕಿ ಇದೆ'. ಇಪ್ಪತ್ತು ವರ್ಷ ಪೇಪರ್ ತಿದ್ದಿದವರಿಗೆ ಮಕ್ಕಳು ಎಲ್ಲೆಲ್ಲಿ ಜಾರುತ್ತಾರೆ ಅಂತ ಬಾಯಿಪಾಠ ಇರುತ್ತದೆ. ಆ ಅನುಭವವನ್ನೆಲ್ಲ ತಂದು ಇಡುವುದಕ್ಕೆ ಇದಕ್ಕಿಂತ ಒಳ್ಳೆಯ ಜಾಗ ನಾನು ಬೇರೆ ಕಂಡಿಲ್ಲ.

ಎರಡು ಎಚ್ಚರಿಕೆ ಇಲ್ಲೇ ಹೇಳುತ್ತೇನೆ. ಉತ್ತರದಲ್ಲಿ ಎಷ್ಟು ವ್ಯತ್ಯಾಸ ಒಪ್ಪಬಹುದು ಎನ್ನುವ ಜಾಗದಲ್ಲಿ 'ರಿಲೇಟಿವ್' 0.01 ಅಂತ ಇದ್ದರೆ ನೂರಕ್ಕೆ ಒಂದು ಪಾಲು ಅಂತ ಅರ್ಥ. ಆಗ 6,500 ಬರೆದರೂ ಸರಿ ಅಂದುಬಿಡುತ್ತದೆ. ಲೆಕ್ಕಶಾಸ್ತ್ರಕ್ಕೆ ಇದು ಆಗಲ್ಲ, ಬದಲಿಸಿಕೊಳ್ಳಿ. ಇನ್ನೊಂದು, ಅಂಕಿಯ ನಡುವೆ ಕಾಮಾ ಹಾಕಬೇಡಿ ಅಂತ ಪ್ರಶ್ನೆಯಲ್ಲೇ ಹೇಳಿಬಿಡಿ. ಕಾಮಾ ಬಂದರೆ ತೊಂದರೆ.

ಎರಡನೇ ವರ್ಷ ಒಂದು ಹುಡುಗಿ ಈ ಸವಕಳಿ ಕ್ವಿಜ್ ಅನ್ನು ಹನ್ನೊಂದು ಸಲ ಮಾಡಿದ್ದು ವರದಿಯಲ್ಲಿ ಕಂಡಿತು. ಕೆಲವು ರಾತ್ರಿ ಹತ್ತೂವರೆಗೆ, ಕೆಲವು ಬೆಳಗ್ಗೆ ಐದಕ್ಕೆ. ಏನಾದರೂ ಕೆಟ್ಟಿದೆಯೇನೋ ಅಂತ ಕರೆದು ಕೇಳಿದೆ. ಅವಳು ನೋಟ್‌ಬುಕ್ ತೆಗೆದು ತೋರಿಸಿದಳು. ಹನ್ನೊಂದು ಯಂತ್ರ, ಹನ್ನೊಂದು ಬೆಲೆ, ಪ್ರತಿಯೊಂದಕ್ಕೂ ಸ್ಕೇಲ್ ಇಟ್ಟು ಗೆರೆ ಎಳೆದ ಖಾತೆ. ಮೊದಲ ನಾಲ್ಕರ ಮೇಲೆ ಕೆಂಪು ಪೆನ್ನಿನಲ್ಲಿ ಅವಳೇ ಅಡ್ಡಗೆರೆ ಹಾಕಿಕೊಂಡಿದ್ದಳು. ಐದನೆಯದರಿಂದ ಎಲ್ಲವೂ ಸರಿ. ಸರಿ ಬಂದ ಮೇಲೂ ಯಾಕೆ ಮಾಡಿದೆ ಅಂದರೆ, 'ಕೈ ಕೂರಲಿ ಅಂತ ಮೇಡಂ' ಅಂದಳು. ಆಮೇಲೆ, 'ವರ್ಷದ ಮಧ್ಯೆ ತಗೊಂಡ ಯಂತ್ರದ್ದೂ ಒಂದು ಹಾಕಿ, ಅದು ನಂಗೆ ಬರಲ್ಲ' ಅಂತ ಕೇಳಿದಳು. ಅವತ್ತು ರಾತ್ರಿಯೇ ಹಾಕಿದೆ. ಮುಂದಿನ ಎಲ್ಲ ಬ್ಯಾಚ್‌ಗಳೂ ಆ ಪ್ರಶ್ನೆ ಮಾಡುತ್ತಿವೆ.

ಕ್ವಿಜ್ ಮುಗಿದ ಮೇಲೆ ಬರುವ ಅಂಕಿಅಂಶದ ಪುಟವನ್ನು ತಪ್ಪದೆ ನೋಡಿ. ಪ್ರತಿ ಪ್ರಶ್ನೆಯನ್ನೂ ಶೇಕಡಾ ಎಷ್ಟರ ಮಟ್ಟಿಗೆ ಮಕ್ಕಳು ಸರಿಮಾಡಿದ್ದಾರೆ ಅಂತ ಅದು ತೋರಿಸುತ್ತದೆ. ಮುಂಗಡ ಕೊಟ್ಟ ಬಾಡಿಗೆಯ ಹೊಂದಾಣಿಕೆ ನನ್ನ ಮಕ್ಕಳಿಗೆ ಬರುತ್ತದೆ ಅಂತ ನಾನು ವರ್ಷಗಟ್ಟಲೆ ನಂಬಿದ್ದೆ. ಆ ಪುಟ ನೋಡಿದರೆ ಮುಕ್ಕಾಲು ಪಾಲು ತಪ್ಪು. ಮಾರನೇ ದಿನ ಹೊಸ ಪಾಠ ನಿಲ್ಲಿಸಿ ಅದನ್ನೇ ಇನ್ನೊಂದು ಸಲ ಮಾಡಿದೆ.

ಇನ್ನು ಕಷ್ಟಗಳು. ಎಲ್ಲಕ್ಕಿಂತ ದೊಡ್ಡದು ಕನ್ನಡದ ಅಕ್ಷರದ್ದೇ. ನಮ್ಮ ಹಳೆಯ ಪ್ರಶ್ನೆಪತ್ರಿಕೆಗಳೆಲ್ಲ ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ಇದ್ದವು. ಅದನ್ನು ನಕಲಿಸಿ ಮೂಡಲ್‌ಗೆ ಅಂಟಿಸಿದರೆ ಒಂದಕ್ಷರ ಕನ್ನಡ ಇಲ್ಲ, ಬರೀ ರೋಮನ್ ಅಕ್ಷರ, ಅದರ ತಲೆ ಮೇಲೆ ಚುಕ್ಕೆ, ಗೀಟು. ಮೊದಲು ಯೂನಿಕೋಡ್‌ಗೆ, ಅಂದರೆ ಎಲ್ಲ ಕಂಪ್ಯೂಟರ್‌ಗಳೂ ಒಂದೇ ಥರ ಓದುವ ಅಕ್ಷರ ಸಂಕೇತಕ್ಕೆ, ಬದಲಿಸಲೇಬೇಕು. ಬದಲಿಸುವ ತಂತ್ರಾಂಶ ಇದೆ, ಆದರೆ ಅರ್ಕಾವತ್ತು, ಒತ್ತಕ್ಷರ ಅಲ್ಲಲ್ಲಿ ಕೆಡುತ್ತವೆ. ಕೂತು ಓದಿ ತಿದ್ದಬೇಕು. ನಾನು ದಿನಕ್ಕೆ ಹತ್ತರಂತೆ ಒಂದು ಬೇಸಿಗೆ ರಜೆಯಲ್ಲಿ ಮುನ್ನೂರು ಪ್ರಶ್ನೆ ಮುಗಿಸಿದೆ. ಒಮ್ಮೆ ಯೂನಿಕೋಡ್ ಆದರೆ ಆಮೇಲೆ ಸುಖ. 'ಗಿಫ್ಟ್' ಎಂಬ ಮಾದರಿಯಲ್ಲಿ ನೋಟ್‌ಪ್ಯಾಡ್‌ನಲ್ಲೇ ಬರೆದು ಒಂದೇ ಸಲಕ್ಕೆ ಐವತ್ತು ಪ್ರಶ್ನೆ ಏರಿಸಬಹುದು. ಸರಿ ಉತ್ತರ ಬರೆಯುವ ಮೊದಲು ಸಮ ಚಿಹ್ನೆ (=), ತಪ್ಪು ಉತ್ತರ ಬರೆಯುವ ಮೊದಲು ಅಲೆಯಂಥ ಚಿಹ್ನೆ (~), ಅಷ್ಟೇ. ಫೈಲ್ ಉಳಿಸುವಾಗ ಮಾತ್ರ 'ಎನ್‌ಕೋಡಿಂಗ್' ಎನ್ನುವ ಜಾಗದಲ್ಲಿ ಯುಟಿಎಫ್-8 ಆರಿಸಿ.

ಒಂದು ಪದದ ಉತ್ತರ ಕೇಳುವ ಪ್ರಶ್ನೆ ಕನ್ನಡದಲ್ಲಿ ಬೇಡ ಅಂತಲೇ ಹೇಳುತ್ತೇನೆ. ನೀವು 'ಸಾಲಗಾರರು' ಅಂತ ಕೊಟ್ಟಿದ್ದರೆ 'ಋಣಿಗಳು' ಅಂತ ಬರೆದ ಮಗುವಿಗೆ ಸೊನ್ನೆ ಬರುತ್ತದೆ. ಎಷ್ಟು ಪರ್ಯಾಯ ಅಂತ ಕೊಡುತ್ತೀರಿ? ಮೂಡಲ್‌ನ ಕನ್ನಡ ಭಾಷಾ ಪ್ಯಾಕ್ ಕೂಡ ಪೂರ್ತಿಯಾಗಿಲ್ಲ. ಒಂದು ಗುಂಡಿ ಕನ್ನಡದಲ್ಲಿ, ಪಕ್ಕದ್ದು ಇಂಗ್ಲಿಷ್‌ನಲ್ಲಿ. ಮಕ್ಕಳಿಗೆ ಗೊಂದಲ ಆಗಿದ್ದರಿಂದ ಮೆನು ಇಂಗ್ಲಿಷ್‌ನಲ್ಲೇ ಬಿಟ್ಟು, ಪಾಠ, ಪ್ರಶ್ನೆ ಎಲ್ಲ ಕನ್ನಡದಲ್ಲಿ ಇಟ್ಟೆ.

ಎರಡನೇ ಕಷ್ಟ ಸರ್ವರ್. ತಂತ್ರಾಂಶ ಉಚಿತವಾದರೂ ಅದು ಕೂರುವ ಜಾಗಕ್ಕೆ ಬಾಡಿಗೆ ಕೊಡಬೇಕು. ನಾವು ಮೂವರು ಸಹೋದ್ಯೋಗಿಗಳು ಸೇರಿ ಒಂದು ಅಗ್ಗದ ಜಾಗ ಹಿಡಿದೆವು. ಮೊದಲ ಕಿರುಪರೀಕ್ಷೆ ಬೆಳಗ್ಗೆ ಹತ್ತಕ್ಕೆ ಇಟ್ಟೆ. ಎಪ್ಪತ್ತು ಜನ ಒಟ್ಟಿಗೆ ಒಳಗೆ ಬಂದರು, ಹತ್ತು ಗಂಟೆ ಎರಡು ನಿಮಿಷಕ್ಕೆ ಸೈಟ್ ಬಿತ್ತು. ಮಕ್ಕಳ ಫೋನ್ ಮೇಲೆ ಫೋನ್. ಒಬ್ಬಳು ಅಳುತ್ತಿದ್ದಳು. ಆ ದಿನ ಮರೆಯಲ್ಲ. ಆಮೇಲಿಂದ ಕ್ವಿಜ್ ಎರಡು ದಿನ ತೆರೆದೇ ಇರುತ್ತದೆ, ಯಾವಾಗ ಬೇಕಾದರೂ ಮಾಡಬಹುದು. ಬಾಡಿಗೆ ಹಿಡಿಯುವ ಮೊದಲು 'ಕ್ರಾನ್' ಎಷ್ಟು ನಿಮಿಷಕ್ಕೊಮ್ಮೆ ಓಡಿಸಬಹುದು ಅಂತಲೂ ಕೇಳಿ. ಸೂಚನೆ, ಇಮೇಲ್ ಹೋಗುವುದೆಲ್ಲ ಆ ಹಿನ್ನೆಲೆಯ ಕೆಲಸದಿಂದ. ಮೂಡಲ್ ಬಯಸುವುದು ನಿಮಿಷಕ್ಕೊಮ್ಮೆ. ಅದು ನಿಂತರೆ ನೀವು ಕಳಿಸಿದ ಸೂಚನೆ ಮಕ್ಕಳಿಗೆ ತಲುಪಲ್ಲ.

ನೆಟ್‌ವರ್ಕ್ ಇಲ್ಲದ ಹಳ್ಳಿಗಳಿಗೆ ಮೊಬೈಲ್ ಆ್ಯಪ್ ನಿಜವಾಗಿ ಕೆಲಸಕ್ಕೆ ಬರುತ್ತದೆ. ಕಾಲೇಜಿನಲ್ಲಿ ಇಳಿಸಿಕೊಂಡು ಮನೆಯಲ್ಲಿ ನೆಟ್ ಇಲ್ಲದೆ ಕ್ವಿಜ್ ಮಾಡಿ, ಮಾರನೇ ದಿನ ಸಿಗ್ನಲ್ ಸಿಕ್ಕಾಗ ಕಳಿಸಬಹುದು. ಶಿಕ್ಷಕರು ಆ ಕ್ವಿಜ್‌ಗೆ ಆಫ್‌ಲೈನ್ ಅವಕಾಶ ಕೊಟ್ಟಿರಬೇಕು, ಸಮಯದ ಮಿತಿ ಹಾಕಿರಬಾರದು, ಉತ್ತರ ಕೊನೆಯಲ್ಲಿ ತೋರಿಸುವ ಬಗೆಯಲ್ಲೇ ಇರಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಆಗಲ್ಲ. ಈ ಷರತ್ತು ಗೊತ್ತಾಗುವ ಹೊತ್ತಿಗೆ ನನ್ನ ಒಂದು ಸೆಮಿಸ್ಟರ್ ಮುಗಿದಿತ್ತು.

ಒಂದು ಕ್ವಿಜ್ ಪಾಸಾದರೆ ಮಾತ್ರ ಮುಂದಿನ ಘಟಕ ತೆರೆಯುವ ಬೀಗವೂ ಇದೆ. ಹಾಕಿ ನೋಡಿದೆ, ತೆಗೆದೆ. ಹೊಲದ ಕೆಲಸಕ್ಕೆ ಹೋಗಿ ಒಂದು ವಾರ ಹಿಂದೆ ಬಿದ್ದ ಮಗುವಿಗೆ ಮುಂದಿನ ಪಾಠದ ಬಾಗಿಲನ್ನೂ ಮುಚ್ಚಿದ ಹಾಗಾಗುತ್ತಿತ್ತು.

ಗೂಗಲ್ ಕ್ಲಾಸ್‌ರೂಮ್ ಸಾಲದಾ ಅಂತ ಕೇಳುವವರಿದ್ದಾರೆ. ಟಿಪ್ಪಣಿ ಹಾಕಿ, ಅಸೈನ್‌ಮೆಂಟ್ ತೆಗೆದುಕೊಂಡು, ತಿದ್ದಿ ವಾಪಸ್ ಕೊಡುವುದಷ್ಟೇ ಬೇಕಿದ್ದರೆ ಧಾರಾಳವಾಗಿ ಸಾಕು. ಸರ್ವರ್ ತಲೆನೋವಿಲ್ಲ, ಒಂದು ಕೋಡ್ ಕೊಟ್ಟರೆ ಮಕ್ಕಳು ಸೇರಿಕೊಳ್ಳುತ್ತಾರೆ, ಒಂದು ಸಂಜೆಯಲ್ಲಿ ಶುರು ಮಾಡಬಹುದು. ಕನ್ನಡ, ಇತಿಹಾಸ ಹೇಳುವ ನನ್ನ ಸ್ನೇಹಿತೆಯರಿಗೆ ನಾನು ಅದನ್ನೇ ಹೇಳುತ್ತೇನೆ. ಶಾಲೆಯ ಶಿಕ್ಷಕರಾದರೆ ಸರ್ಕಾರದ ದೀಕ್ಷಾ ಜಾಲತಾಣದಲ್ಲಿ ಪಠ್ಯಪುಸ್ತಕಕ್ಕೆ ಹೊಂದುವ ಸಾಮಗ್ರಿ ಸಿದ್ಧವಾಗಿಯೇ ಸಿಗುತ್ತದೆ. ಗಣಿತ, ಭೌತಶಾಸ್ತ್ರ, ಲೆಕ್ಕಶಾಸ್ತ್ರ ಹೇಳುವವರು, ಒಂದು ಬೇಸಿಗೆ ಕೂತು ಪ್ರಶ್ನೆ ಕಟ್ಟಲು ತಯಾರಿರುವವರು ಮಾತ್ರ ಮೂಡಲ್‌ಗೆ ಬನ್ನಿ. ಒಂದೇ ತರಗತಿ, ಒಂದೇ ಘಟಕ, ಹತ್ತೇ ಪ್ರಶ್ನೆಯಿಂದ ಶುರು ಮಾಡಿ. ಪ್ರತಿ ಪ್ರಶ್ನೆಯ ತಪ್ಪು ಉತ್ತರಕ್ಕೆ ಒಂದು ಸಾಲು ಬರೆಯದೆ ಮುಂದೆ ಹೋಗಬೇಡಿ.

ಸೆಮಿಸ್ಟರ್ ಮುಗಿದ ದಿನ ಇಡೀ ಕೋರ್ಸ್‌ನ ಬ್ಯಾಕಪ್ ಇಳಿಸಿ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ಕಾಲೇಜು ಬದಲಾದರೂ ಸರ್ವರ್ ಬದಲಾದರೂ ಆ ಒಂದು ಫೈಲ್ ಇದ್ದರೆ ಸಾಕು, ಎಲ್ಲ ಪ್ರಶ್ನೆಗಳೂ ಹಾಗೇ ಬರುತ್ತವೆ. ನನ್ನದು ಇಲ್ಲಿಯವರೆಗೆ ಎರಡು ಸಲ ಸರ್ವರ್ ದಾಟಿದೆ. ಮಂಡಕ್ಕಿ ಭಟ್ಟಿಯ ಲೆಕ್ಕ ಒಂದೂ ಕಳೆದಿಲ್ಲ.