ಏಳು ನಿಮಿಷದ ಹೆಲಿಕಾಪ್ಟರ್ ರೈಡ್, ಹಾರಲೇ ಇಲ್ಲ

ಅಕ್ಟೋಬರ್ ರಜೆಯಲ್ಲಿ ಬಳ್ಳಾರಿಯಲ್ಲಿ ಹೆಲಿಕಾಪ್ಟರ್ ಜಾಲಿ ರೈಡ್ ಇಟ್ಟಿದ್ದರು. ಕಂಪನಿ ಹೆಸರು ಬೇಡ ಬಿಡಿ. ತಲೆಗೆ 3,500 ರೂಪಾಯಿ, 7 ನಿಮಿಷ, ಕೋಟೆ ಗುಡ್ಡದ ಮೇಲೊಂದು ಸುತ್ತು. ನಾನು, ನನ್ನ ಹೆಂಡತಿ, ಮಗ, ಮೂವರಿಗೂ ಬುಕ್ ಮಾಡಿದೆ.

ಮೊದಲು ತೂಕ. ಎಲ್ಲರೆದುರೇ ಹತ್ತಿಸಿ, ಅಕ್ಕಿ ಮೂಟೆ ತೂಗಿದ ಹಾಗೆ ಜೋರಾಗಿ ಕೂಗಿ ಬರೆದುಕೊಳ್ಳುತ್ತಾರೆ. ನನ್ನದು ಕೇಳಿ ಸಾಲಿನವರೆಲ್ಲ ನಕ್ಕರು. ಕೂರಲು ನೆರಳಿಲ್ಲ, ಕುಡಿಯಲು ನೀರಿಲ್ಲ.

ನಾಲ್ಕೂಕಾಲಿಗೆ ನಮ್ಮ ಸರದಿ. ನಮ್ಮ ತಲೆ ಮೇಲೆ ಬಿಸಿಲು, ಕುಂಬಾರ ಗುಡ್ಡದ ಹಿಂದೆ ಮಾತ್ರ ಮೋಡ ಕಪ್ಪಾಗಿತ್ತು. ಗಾಳಿ ದಿಕ್ಕು ತೋರಿಸಲು ಕಂಬಕ್ಕೆ ಕಟ್ಟಿದ್ದ ಕೇಸರಿ ಬಟ್ಟೆ ಚೀಲ ಅಲ್ಲಿಯವರೆಗೆ ಜೋತುಬಿದ್ದಿತ್ತು, ಒಮ್ಮೆಲೇ ಉಬ್ಬಿ ನಮ್ಮ ಕಡೆ ತಿರುಗಿತು, ಅಂದರೆ ಗಾಳಿ ಆ ಮೋಡದ ಕಡೆಯಿಂದಲೇ ನುಗ್ಗುತ್ತಿತ್ತು. ಪೈಲಟ್ ಅದನ್ನ ನೋಡಿದ, ಗುಡ್ಡ ನೋಡಿದ, ಎಂಜಿನ್ ಆಫ್ ಮಾಡಿ ಇಳಿದೇಬಿಟ್ಟ. ಕೌಂಟರ್ ಹುಡುಗ ಓಡಿಬಂದು "ಸರ್, ಒಂದೇ ರೌಂಡ್, ಜನ ಕಾಯ್ತಿದ್ದಾರೆ" ಅಂತ ಗೋಗರೆದ. ನಾನೂ ಸುಮ್ನಿರದೆ "ಬಿಸಿಲಿದೆಯಲ್ರೀ, ಯಾಕೆ ಹಾರಲ್ಲ?" ಅಂತ ರೇಗಿದೆ. ಆತ ಮಾತೇ ಆಡಲಿಲ್ಲ, ರೆಕ್ಕೆಗಳಿಗೆ ಹಗ್ಗ ಕಟ್ಟತೊಡಗಿದ.

ಹತ್ತು ನಿಮಿಷ ಆಗಿತ್ತೋ ಇಲ್ಲವೋ, ಧೂಳು ಎದ್ದು ಪ್ಲಾಸ್ಟಿಕ್ ಕುರ್ಚಿಗಳೆಲ್ಲ ಉರುಳಿದವು. ಒಗ್ಗರಣೆ-ಮಿರ್ಚಿ ಬಂಡಿಯ ತಾಡಪಾಲಿನ ಕೆಳಗೆ ನಿಂತು ನೋಡಿದರೆ ಗುಡ್ಡವೇ ಇಲ್ಲ! "ರಾಜಶೇಖರ ರೆಡ್ಡಿ ಅವರದು ನೆನಪಿದೆಯಾ?" ಅಂದಳು ಹೆಂಡತಿ.

ಹೇಗೆ ಮರೀತೀವಿ? 2009ರ ಸೆಪ್ಟೆಂಬರ್ 2. ಆಗ ಆಂಧ್ರದ ಮುಖ್ಯಮಂತ್ರಿಯಾಗಿದ್ದ ಅವರನ್ನು ಕೂರಿಸಿಕೊಂಡು ಹೈದರಾಬಾದಿನಿಂದ ಚಿತ್ತೂರು ಕಡೆ ಹೊರಟ ಬೆಲ್ 430 ಹೆಲಿಕಾಪ್ಟರ್ ಕೆಟ್ಟ ಹವಾಮಾನಕ್ಕೆ ಸಿಕ್ಕಿ, ನಮ್ಮ ಪಕ್ಕದ ಕರ್ನೂಲಿನ ನಲ್ಲಮಲ ಕಾಡಿನಲ್ಲಿ ಬಿತ್ತು. ಮರುದಿನ ಸಿಕ್ಕಿತು. ಐದೂ ಜನ ಉಳಿಯಲಿಲ್ಲ. ಅದು ಎರಡು ಎಂಜಿನ್‌ನದು, ಇಬ್ಬರು ಪೈಲಟ್‌ಗಳಿದ್ದರು. ನಮ್ಮದಕ್ಕೆ ಒಬ್ಬನೇ.

ಮನೆಗೆ ಬಂದು ಓದಿದೆ. ಮೋಡದೊಳಗೆ ಹೊಕ್ಕರೆ ನೆಲ ಯಾವುದು, ಆಕಾಶ ಯಾವುದು ಗೊತ್ತಾಗಲ್ಲವಂತೆ. ಕಿವಿಯೊಳಗಿನ ದ್ರವವೇ ಸುಳ್ಳು ಹೇಳುತ್ತೆ, ವಾಲಿ ಸುತ್ತುತ್ತಿದ್ದರೂ ನೆಟ್ಟಗೆ ಹೋಗ್ತಿದ್ದೀವಿ ಅನ್ನಿಸುತ್ತೆ. 1954ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದವರು, ಬರೀ ಮೀಟರ್ ನೋಡಿ ಹಾರಿಸುವ ತರಬೇತಿ ಇಲ್ಲದ 20 ಜನರಿಗೆ ಹೊರಗಿನದು ಕಾಣದಂತೆ ಮಾಡಿ ವಿಮಾನ ಕೊಟ್ಟು ನೋಡಿದ್ದರು. ಇಪ್ಪತ್ತೂ ಜನ ಹತೋಟಿ ಕಳೆದುಕೊಂಡರು, ಸರಾಸರಿ 178 ಸೆಕೆಂಡಿಗೆ. ನಮ್ಮ ರೈಡಿನ ಅರ್ಧಕ್ಕಿಂತ ಕಡಿಮೆ.

ಹಾಗಾಗಿ ಪೈಲಟ್‌ಗೆ ಐದು ಸ್ಟಾರ್. ಆದರೆ ಕೌಂಟರ್‌ಗೆ ಒಂದೇ, ಅದೂ ಜಾಸ್ತಿ. ಯಾಕೆ ರದ್ದಾಯ್ತು ಅಂತ ಮೈಕಿನಲ್ಲಿ ಒಂದು ಮಾತು ಹೇಳಿದ್ದರೆ ಯಾರೂ ಕೂಗಾಡ್ತಿರಲಿಲ್ಲ. ದುಡ್ಡು ವಾಪಸ್ ಬರಲು 11 ದಿನ, ಆರು ಸಲ ಫೋನು, ಅದರಲ್ಲೂ ತಲೆಗೆ 200 ಹಿಡಿದುಕೊಂಡರು.

ಹೋಗುವವರು ಬೆಳಗಿನ ಸ್ಲಾಟ್ ತಗೊಳ್ಳಿ, ಆ ತಿಂಗಳಲ್ಲಿ ಮಧ್ಯಾಹ್ನದ ಮೇಲೆ ನಮ್ಮ ಕಡೆ ಮೋಡ ಕಟ್ಟುತ್ತೆ. ಮಿರ್ಚಿ ಮಾತ್ರ ತೂಕ ಆದಮೇಲೆ ತಿನ್ನಿ.